ವಿದೇಶಾಂಗ ಮಂತ್ರಿಯ ತಂಗಿ

ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ವಿದೇಶಾಂಗ ಮಂತ್ರಿ ಎಂದೇ ಕರೆಯುತ್ತಿದ್ದರು. ಕೆಲಸ ನೋಡಿದರೆ ಗಂಟು ಬಿಚ್ಚುವುದು. ಆಸ್ಪತ್ರೆಗಳಿಂದ, ವಸತಿಗೃಹಗಳಿಂದ ಬರುವ ಕೊಳೆ ಬಟ್ಟೆಯನ್ನು ಚಾದರ ಒಂದು ಕಡೆ, ದಿಂಬಿನ ಚೀಲ ಒಂದು ಕಡೆ, ರಕ್ತ ಹತ್ತಿದ್ದು ಇನ್ನೊಂದು ಕಡೆ ಎಂದು ಬೇರೆ ಮಾಡಿ ಹಾಕುವುದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದ. ಆದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆ ನಾತದ ನಡುವೆ ನಿಂತಾಗಲೂ ಅವನ ತಲೆಯೊಳಗೆ ಸಮುದ್ರದಾಚೆಯ ಯಾವುದೋ ಗಡಿಯಲ್ಲಿ ಸೈನ್ಯ ಮುಂದುವರಿಯುತ್ತಿರುತ್ತಿತ್ತು. ಯಾವ ದೊಡ್ಡ ದೇಶ ಯಾವ ಸಣ್ಣ ದೇಶದ ಕತ್ತು ಹಿಸುಕುತ್ತಿದೆ, ತೈಲದ ಬೆಲೆಯ ಹಿಂದೆ ಯಾರ ಕೈವಾಡವಿದೆ, ವಿಶ್ವಸಂಸ್ಥೆ ಏಕೆ ಹಲ್ಲಿಲ್ಲದ ಹಾವು, ಎಲ್ಲಕ್ಕೂ ಅವನ ಬಳಿ ಅಭಿಪ್ರಾಯವಿತ್ತು. ಊಟದ ಬಿಡುವಿನಲ್ಲಿ ಡಬ್ಬಿ ತೆರೆಯುವ ಮೊದಲು ಪತ್ರಿಕೆ ತೆರೆಯುತ್ತಿದ್ದ. ಕೇಳುವವರು ಕೇಳಿದರು, ಆಕಳಿಸುವವರು ಆಕಳಿಸಿದರು.

ಅಭಿಪ್ರಾಯ ಇಟ್ಟುಕೊಂಡು ಸುಮ್ಮನಿರುವ ಜಾತಿಯವನೂ ಅವನಲ್ಲ. ಊರಿನ ದಿನಪತ್ರಿಕೆಯ ಓದುಗರ ವಿಭಾಗಕ್ಕೆ ಪ್ರತಿ ಭಾನುವಾರ ಒಂದು ಪತ್ರ ಬರೆಯುತ್ತಿದ್ದ. ಅರವತ್ತೊಂದು ಅಚ್ಚಾಗಿದ್ದವು. ಅಚ್ಚಾದದ್ದನ್ನು ಕತ್ತರಿಸಿ, ಹಳೆಯ ಮದುವೆ ಆಲ್ಬಮ್ಮಿನಿಂದ ಫೋಟೋ ಕಿತ್ತು ಆ ಜಾಗಕ್ಕೆ ಅಂಟಿಸಿದ್ದ. ಕರಡನ್ನು ಮಾತ್ರ ಹರಿದು ಒಲೆಗೆ ಹಾಕುತ್ತಿದ್ದ. ಅಚ್ಚಾಗದ ಅಭಿಪ್ರಾಯ ಅಭಿಪ್ರಾಯವೇ ಅಲ್ಲ ಎನ್ನುವುದು ಅವನ ನಿಲುವು. ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ನಮ್ಮವರು ಊರನ್ನೂ ದಾಟಿ ಹೋಗಿದ್ದಾರೆ ಎಂದು ಅವನ ಹೆಂಡತಿ ಪಕ್ಕದ ಮನೆಯವಳ ಹತ್ತಿರ ಹೇಳಿ ನಗುತ್ತಿದ್ದಳು. ಲಾಂಡ್ರಿಯ ಮಾಲೀಕರೂ ಅವನ ಪತ್ರಗಳನ್ನು ಓದುತ್ತಿದ್ದರು. ಹೊಸ ಪತ್ರ ಬಂದ ದಿನ ಗಂಟಿನ ಕೋಣೆಯ ಬಾಗಿಲಿಗೆ ಬಂದು, ಏನ್ರೀ ಮಂತ್ರಿಗಳೇ, ಶಾಂತಿ ಒಪ್ಪಂದ ಯಾವಾಗ ಎಂದು ಕೇಳುತ್ತಿದ್ದರು. ಆ ಒಂದು ಮಾತಿಗೆ ಅವನು ವಾರವಿಡೀ ಎರಡಾಳಿನ ಕೆಲಸ ಮಾಡುತ್ತಿದ್ದ.

ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿಯೂ ಅಲ್ಲೇ ಕೆಲಸಕ್ಕಿದ್ದಳು. ಗಂಡ ಬಿಟ್ಟುಹೋದ ಮೇಲೆ ಅಣ್ಣನೇ ಮಾಲೀಕರ ಕೈಕಾಲು ಹಿಡಿದು ಸೇರಿಸಿದ್ದ. ಅವಳದ್ದು ಇಸ್ತ್ರಿಯ ರೋಲರ್. ಎರಡಾಳುದ್ದದ ಕಬ್ಬಿಣದ ಉರುಳೆ, ಒಳಗೆ ಕಾದ ಎಣ್ಣೆ. ಇಬ್ಬರು ಹೆಂಗಸರು ಒದ್ದೆ ಚಾದರದ ತುದಿ ಹಿಡಿದು ಅದರ ಬಾಯಿಗೆ ಕೊಟ್ಟರೆ ಆಚೆಯಿಂದ ಒಣಗಿ, ಗರಿಗರಿಯಾಗಿ ಹೊರಬೀಳುತ್ತದೆ. ಬಾಯಿಯ ಮುಂದೆ ಒಂದು ಅಡ್ಡಪಟ್ಟಿ ಇರುತ್ತದೆ. ಕೈ ತಾಗಿದ ಕೂಡಲೇ ಯಂತ್ರ ನಿಲ್ಲಬೇಕು. ತೊಂದರೆ ಏನೆಂದರೆ ಮುದುರಿದ ಚಾದರ ತಾಗಿದರೂ ಅದು ನಿಲ್ಲುತ್ತದೆ. ದಿನಕ್ಕೆ ಮೂವತ್ತು ಸಲ ನಿಂತರೆ ಲಾರಿ ತಡವಾಗುತ್ತದೆ. ಹಾಗಾಗಿ ಮೇಸ್ತ್ರಿ ಆ ಪಟ್ಟಿಯನ್ನು ಅಲುಗಾಡದಂತೆ ತಂತಿಯಿಂದ ಬಿಗಿದು ಕಟ್ಟಿದ್ದ. ಒಂದೂವರೆ ವರ್ಷವಾಗಿತ್ತು. ಎಲ್ಲರೂ ನೋಡಿದ್ದರು. ಗಂಟಿನ ಕೋಣೆಗೂ ಇಸ್ತ್ರಿಯ ಹಾಲಿಗೂ ನಡುವೆ ಒಂದು ಕಿಟಕಿ ಇತ್ತು. ಮಂತ್ರಿಗೆ ಆ ತಂತಿ ದಿನಾ ಕಾಣುತ್ತಿತ್ತು.

ಒಂದು ಮಂಗಳವಾರ ಮಧ್ಯಾಹ್ನ ಚಾದರದ ಅಂಚಿನ ಜೊತೆಗೆ ತಂಗಿಯ ಬಲಗೈಯೂ ಒಳಗೆ ಹೋಯಿತು. ಮೇನ್ ಸ್ವಿಚ್ ಗೋಡೆಯ ಆ ತುದಿಯಲ್ಲಿತ್ತು. ಯಾರೋ ಓಡಿಹೋಗಿ ಆರಿಸುವಷ್ಟರಲ್ಲಿ ಗೆಣ್ಣಿನವರೆಗೆ ಬೆಂದುಹೋಗಿತ್ತು. ಆಂಬುಲೆನ್ಸ್ ಗೇಟಿಗೆ ಬರುವ ಮೊದಲೇ ಮೇಸ್ತ್ರಿ ಇಕ್ಕಳ ತಂದು ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಅದನ್ನೂ ಎಲ್ಲರೂ ನೋಡಿದರು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಹೆಬ್ಬೆರಳು ಬಿಟ್ಟು ಉಳಿದ ಎರಡು ಒಳಕ್ಕೆ ಮಡಚಿಕೊಂಡವು, ಇನ್ನು ಬಿಚ್ಚುವುದಿಲ್ಲ ಎಂದರು ವೈದ್ಯರು.

ಮಾಲೀಕರು ಹಣ್ಣಿನ ಬುಟ್ಟಿ ಕಳಿಸಿದರು. ಅದರ ಬೆನ್ನಿಗೇ ಸರ್ಕಾರಕ್ಕೆ ವರದಿಯನ್ನೂ ಕಳಿಸಿದರು: ಕೆಲಸದ ವೇಳೆ ಮಾತಿನಲ್ಲಿ ಮೈಮರೆತದ್ದರಿಂದ ಆದ ಅವಘಡ, ಯಂತ್ರದಲ್ಲಿ ಯಾವ ದೋಷವೂ ಇಲ್ಲ. ಮುಂದಿನ ವಾರದ ಶುಕ್ರವಾರ ಸರ್ಕಾರದ ಅಧಿಕಾರಿ ವಿಚಾರಣೆಗೆ ಬರುವುದಿತ್ತು. ತಪ್ಪು ಯಂತ್ರದ್ದು ಎಂದಾದರೆ ಅವಳ ಕೆಲಸ ಉಳಿಯುತ್ತದೆ, ಪರಿಹಾರ ಸಿಗುತ್ತದೆ. ಅವಳದ್ದು ಎಂದಾದರೆ ಏನೂ ಇಲ್ಲ. ಜೊತೆಯ ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬಂದು ಅತ್ತರು. ಸಾಕ್ಷಿ ಹೇಳುತ್ತೀರಾ ಎಂದು ಕೇಳಿದಾಗ ಕಣ್ಣೊರೆಸಿಕೊಂಡು, ನಮ್ಮ ಮನೆಯಲ್ಲೂ ಒಲೆ ಉರಿಯಬೇಕಲ್ಲ ಎಂದರು.

ತಂಗಿ ಅಣ್ಣನ ಹತ್ತಿರ ಬೇರೇನೂ ಕೇಳಲಿಲ್ಲ. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಹೇಳಿದಳು: "ಎಲ್ಲೆಲ್ಲಿಯವರಿಗೋ ಬರೀತೀಯಲ್ಲ ಅಣ್ಣ, ನನಗೂ ಒಂದು ಬರಿ. ಪಟ್ಟಿಗೆ ತಂತಿ ಕಟ್ಟಿದ್ರು ಅಂತ ಒಂದೇ ಒಂದು ಸಾಲು. ಪೇಪರಲ್ಲಿ ಬಂದುಬಿಟ್ರೆ ಆ ಅಧಿಕಾರಿ ಇಲ್ಲ ಅನ್ನೋಕಾಗಲ್ಲ."

"ಬರೀತೀನಮ್ಮ" ಎಂದ. ಹೇಳುವಾಗ ಅದು ಸುಳ್ಳಾಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಬರೆಯಲು ಕೂತ. ಮೊದಲ ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಲಾಂಡ್ರಿ ಎಂದು ಶುರುಮಾಡಿದರೆ ಯಾರು ಓದುತ್ತಾರೆ ಎಂದುಕೊಂಡ. ಸಂಪಾದಕರು ಇವನಿಗೇನಾಯಿತು ಎಂದುಕೊಳ್ಳುವುದಿಲ್ಲವೇ, ಅರವತ್ತೊಂದು ಪತ್ರದ ಘನತೆ ಏನಾಗಬೇಕು ಎಂದುಕೊಂಡ. ಇವೆಲ್ಲ ತನಗೆ ತಾನೇ ಹೇಳಿಕೊಂಡ ಮಾತು. ನಿಜ ಏನೆಂದರೆ ಪತ್ರದ ಕೆಳಗೆ ಅವನ ಹೆಸರಿರುತ್ತದೆ, ಅದನ್ನು ಮಾಲೀಕರು ಓದುತ್ತಾರೆ. ಸಮುದ್ರದಾಚೆಯ ಅಧ್ಯಕ್ಷರನ್ನು ಕಟುಕ ಎಂದು ಬರೆದರೂ ಅವರು ಬಂದು ಇವನನ್ನು ಕೆಲಸದಿಂದ ತೆಗೆಯುವಂತಿರಲಿಲ್ಲ. ಈ ಸುಖವನ್ನು ಧೈರ್ಯ ಎಂದು ತಿಳಿದು ಅವನು ಇಪ್ಪತ್ತು ವರ್ಷ ಬದುಕಿದ್ದ.

ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ಒಂದು ದಾರಿ ಹೊಳೆಯಿತು. ಆ ವಾರ ಒಂದು ದೊಡ್ಡ ದೇಶ ಸಣ್ಣ ದೇಶದ ಒಂದು ಪೇಟೆಯ ಮೇಲೆ ವಿಮಾನಗಳಿಂದ ಬಾಂಬು ಹಾಕಿ, ಜನ ಅಲ್ಲೇಕೆ ಸೇರಿದ್ದರು ಎಂದು ಕೇಳಿತ್ತು. ಅದರಿಂದಲೇ ಆರಂಭಿಸಿದ. ಎದುರಾಳಿಯ ವಾದವನ್ನು ಎದುರಾಳಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ 'ಆದರೆ' ಎಂದು ತಿರುಗಿ ಹೊಡೆಯುವುದು ಅವನ ಶೈಲಿ. ಹಾಗೆಯೇ ಬಲಾಢ್ಯರು ಹೇಳುವುದನ್ನೆಲ್ಲ ಎರಡು ಪ್ಯಾರಾ ಹೇಳಿದ. ಮೂರನೆಯದರಲ್ಲಿ 'ಆದರೆ' ಬಂತು. ಕಟ್ಟಕಡೆಗೆ, ಇದು ದೂರದ ದೇಶದ ಕತೆ ಮಾತ್ರವಲ್ಲ, ನಮ್ಮೂರಿನ ಲಾಂಡ್ರಿಯಲ್ಲೂ ಸುರಕ್ಷತೆಯ ಪಟ್ಟಿಯನ್ನು ತಂತಿಯಿಂದ ಕಟ್ಟಿಟ್ಟು, ಕೈ ಕಳೆದುಕೊಂಡ ಹೆಣ್ಣುಮಗಳನ್ನೇ ತಪ್ಪಿತಸ್ಥೆ ಎನ್ನಲಾಗುತ್ತಿದೆ ಎಂದು ಎರಡು ಸಾಲು ಸೇರಿಸಿದ. ಓದಿ ನೋಡಿದರೆ ತನ್ನ ಅತ್ಯುತ್ತಮ ಪತ್ರ ಎನ್ನಿಸಿತು. ಶುದ್ಧವಾಗಿ ಬೇರೆ ಹಾಳೆಗೆ ಇಳಿಸಿ, ಕರಡನ್ನು ಎಂದಿನಂತೆ ಒಲೆಗೆ ಹಾಕಿ, ಪತ್ರವನ್ನು ತಾನೇ ನಡೆದುಹೋಗಿ ಪತ್ರಿಕಾ ಕಚೇರಿಯ ಡಬ್ಬಕ್ಕೆ ಹಾಕಿ ಬಂದ.

ಪತ್ರ ಬುಧವಾರ ಬಂತು. 'ತಾಳ್ಮೆಯೊಂದೇ ದಾರಿ' ಎಂದು ಪತ್ರಿಕೆಯವರು ಶೀರ್ಷಿಕೆ ಕೊಟ್ಟಿದ್ದರು. ಮೊದಲ ಎರಡು ಪ್ಯಾರಾ ಪೂರ್ತಿ ಇದ್ದವು. ಕೊನೆಯ ಸಾಲು ಹೀಗಿತ್ತು: 'ಅನಾಹುತವಾದಾಗ ದೊಡ್ಡವರನ್ನು ದೂರುವುದು ಸುಲಭ, ನಡೆಸುವವರ ಕಷ್ಟ ನಡೆಸುವವರಿಗೇ ಗೊತ್ತು, ಪೆಟ್ಟು ತಿಂದವರ ಅಜಾಗರೂಕತೆಯನ್ನೂ ನೋಡಬೇಕೆಂಬ ಮಾತನ್ನು ತಳ್ಳಿಹಾಕುವಂತಿಲ್ಲ.' ಅದರ ಕೆಳಗೆ ಅವನ ಹೆಸರು. 'ಆದರೆ' ಎಲ್ಲೂ ಇರಲಿಲ್ಲ. ಪಕ್ಕದಲ್ಲಿ ಹೊಲಿಗೆ ಯಂತ್ರದ ಜಾಹೀರಾತು ಕೂತಿತ್ತು.

ಪತ್ರಿಕೆಯವರದ್ದು ಒಂದು ಕ್ರಮ. ಓದುಗರ ಮಾತನ್ನು ತಿದ್ದುವುದಿಲ್ಲ. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತಾರೆ. ಊಟದ ಬಿಡುವಿನಲ್ಲಿ, ಬರೆಯುವುದೂ ಒಂದು ವಿದ್ಯೆ ಕಣ್ರೋ, ಮುಖ್ಯವಾದದ್ದನ್ನು ಮೇಲೆಯೇ ಹೇಳಿಬಿಡಬೇಕು ಎಂದು ಇದನ್ನೆಲ್ಲ ಜೊತೆಯವರಿಗೆ ಅವನೇ ಎಷ್ಟು ಸಲ ವಿವರಿಸಿದ್ದನೋ. ಈಗ ಗಂಟುಗಳ ನಡುವೆ ನಿಂತು ಆ ತುಂಡನ್ನು ಓದುವಾಗ ಆ ಪಾಠ ಅವನಿಗೇ ನೆನಪಾಯಿತು. ಗೊತ್ತಿದ್ದೂ ಕೆಳಗಿಟ್ಟಿದ್ದ. ಅಂದರೆ ಕತ್ತರಿಸಿದರೆ ಕತ್ತರಿಸಲಿ ಎಂದು ಅವನೊಳಗೆ ಯಾರೋ ಒಬ್ಬ ಮೊದಲೇ ಲೆಕ್ಕ ಹಾಕಿದ್ದ. ಆ ಯಾರೋ ಒಬ್ಬನ ಮುಖ ಅವನಿಗೆ ಚೆನ್ನಾಗಿ ಪರಿಚಯವಿತ್ತು.

ಹತ್ತು ಗಂಟೆಗೆ ಮಾಲೀಕರು ಬಾಗಿಲಿಗೆ ಬಂದರು. ಶಾಂತಿ ಒಪ್ಪಂದದ ತಮಾಷೆ ಮಾಡಲಿಲ್ಲ. ಹೆಗಲ ಮೇಲೆ ಕೈಯಿಟ್ಟು, ಇಂಥ ಹೊತ್ತಿನಲ್ಲೂ ನ್ಯಾಯ ಬಿಡಲಿಲ್ಲ ನೋಡಿ, ದೊಡ್ಡ ಮನಸ್ಸು ಎಂದರು. ಹನ್ನೊಂದಕ್ಕೆ ಪತ್ರ ನೋಟಿಸ್ ಬೋರ್ಡಿನ ಮೇಲಿತ್ತು, ಕೊನೆಯ ಸಾಲಿಗೆ ಕೆಂಪು ಗೆರೆ. ರೋಲರಿನ ಹೆಂಗಸರು ಓದಿದರು. ಒಬ್ಬಳು ಅವನು ಹಾದುಹೋಗುವಾಗ ನೆಲಕ್ಕೆ ಉಗಿದಳು. ಉಗಿಯಲಿ, ಸಾಕ್ಷಿಗೆ ಕರೆದಾಗ ಒಲೆಯ ನೆಪ ಹೇಳಿದವಳೂ ಅವಳೇ.

ಅರ್ಧ ದಿನ ರಜೆ ಹಾಕಿ ಪತ್ರಿಕಾ ಕಚೇರಿಗೆ ಓಡಿದ. ಓದುಗರ ವಿಭಾಗ ನೋಡಿಕೊಳ್ಳುವ ಹೆಂಗಸು ಒಳ್ಳೆಯವಳೇ, ಕೂರಿಸಿ ನೀರು ಕೊಟ್ಟಳು. ಉಳಿದ ಭಾಗ ನಾಳೆಯಾದರೂ ಹಾಕಿ ಎಂದು ಬೇಡಿಕೊಂಡ. ಒಬ್ಬರದ್ದು ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ಹಾಕುವಂತಿಲ್ಲ, ನಿಮ್ಮ ಎರಡೂ ಮುಗಿಯಿತು ಎಂದಳು. ತಿದ್ದುಪಡಿ ಹಾಕೋಣವೆಂದರೆ ನಾವು ನಿಮ್ಮ ಒಂದಕ್ಷರವನ್ನೂ ಬದಲಿಸಿಲ್ಲವಲ್ಲ ಎಂದಳು. ಮೂಲ ಪತ್ರವನ್ನಾದರೂ ಕೊಡಿ ಎಂದ. ಅಚ್ಚಾದ ಪತ್ರಗಳು ಆ ದಿನವೇ ರದ್ದಿಗೆ ಹೋಗುತ್ತವಂತೆ.

ಸಂಜೆ ತಂಗಿಯ ಮನೆಗೆ ಹೋದಾಗ ಪತ್ರಿಕೆ ಅವಳ ತೊಡೆಯ ಮೇಲಿತ್ತು. ಎಡಗೈಯಲ್ಲಿ ಪುಟ ತಿರುವಿ ಹಿಂದೆಯೂ ನೋಡಿದಳು, ಮುಂದುವರಿದಿದೆಯೇನೋ ಎಂಬಂತೆ.

"ನನ್ನ ಸಾಲು ಎಲ್ಲಿ?"

"ಕತ್ತರಿಸಿಬಿಟ್ರು."

"ಎಲ್ಲಿ ಬರ್ದಿದ್ದೆ?"

ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. "ಕೊನೇಲಿ" ಎಂದ. ಹದಿನೆಂಟು ವರ್ಷ ಅಣ್ಣನ ಪಾಠ ಕೇಳಿದ ತಂಗಿ ಅವಳು. ಪತ್ರಿಕೆಯನ್ನು ಮಡಚಿ ಅವನ ಕೈಗೆ ಕೊಟ್ಟು, ಮಗಳ ಹೋಂವರ್ಕ್ ನೋಡಲು ಎದ್ದು ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಶುಕ್ರವಾರ ಮಾಲೀಕರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಹೆಂಗಸರು ಬಂದು ಏನೂ ನೋಡಿಲ್ಲ ಎಂದು ಹೋದರು. ಮೇಸ್ತ್ರಿ ತಂತಿ ಎಂದರೇನು ಎಂದು ಕೇಳುವವನಂತೆ ನಿಂತಿದ್ದ. ಮಂತ್ರಿ ತನ್ನ ಸರದಿ ಬಂದಾಗ, ಎರಡು ರಾತ್ರಿ ನಿದ್ದೆಗೆಟ್ಟ ಮುಖದಲ್ಲಿ, ಮಾಲೀಕರು ಎದುರಿಗೇ ಕೂತಿರುವಾಗ, ಬದುಕಿನಲ್ಲಿ ಮೊದಲ ಸಲ ಪೀಠಿಕೆಯಿಲ್ಲದೆ ಮಾತಾಡಿದ.

"ತಂತಿ ಕಟ್ಟಿದ್ರು ಸರ್. ಒಂದೂವರೆ ವರ್ಷದಿಂದ ಕಟ್ಟಿದ್ರು. ಕಿಟಕಿಯಿಂದ ದಿನಾ ನೋಡಿದೀನಿ. ಬಿಚ್ಚಿದ್ದನ್ನೂ ನೋಡಿದೀನಿ."

ಅಧಿಕಾರಿ ಫೈಲಿನಿಂದ ಒಂದು ತುಂಡು ಕಾಗದ ತೆಗೆದು ಅವನ ಮುಂದಿಟ್ಟ. "ಇದು ನಿಮ್ಮದೇ ಅಲ್ವಾ?"

"ಹೌದು ಸರ್. ಆದರೆ ಇದರ ಮುಂದೆ ಇನ್ನೂ ಇತ್ತು, ಅವರು ಹಾಕಲಿಲ್ಲ."

"ಪ್ರತಿ ಇದೆಯಾ?"

ಇಲ್ಲ ಎಂದು ತಲೆಯಾಡಿಸಿದ. ಅಧಿಕಾರಿ ಕೆಟ್ಟವನಲ್ಲ, ಮರುಕದಿಂದಲೇ ನೋಡಿದ. "ನಾನೂ ನಿಮ್ಮ ಪತ್ರ ಓದ್ತೀನಿ ಕಣ್ರೀ. ಹೊರಗಿನ ವಿಷಯದಲ್ಲಿ ನಿಮ್ಮ ಮಾತಿಗೆ ಒಂದು ತೂಕ ಇರುತ್ತೆ. ಒಡಹುಟ್ಟಿದವರು ಅಂತ ಬಂದಾಗ ಯಾರಿಗಾದ್ರೂ ತೂಕ ತಪ್ಪುತ್ತೆ. ನನಗೆ ಅರ್ಥವಾಗುತ್ತೆ." ಎಂದು ಹೇಳಿ, ಸಾಕ್ಷಿ ಸಂಬಂಧಿಕ, ಹೇಳಿಕೆ ಹಿಂದಿನ ಲಿಖಿತ ಅಭಿಪ್ರಾಯಕ್ಕೆ ವಿರುದ್ಧವಾಗಿದೆ ಎಂದು ಬರೆದುಕೊಂಡ. ತಪ್ಪು ಕೆಲಸದವಳದೇ ಎಂದು ತೀರ್ಮಾನವಾಯಿತು.

ಮಂತ್ರಿಯ ಕೆಲಸಕ್ಕೆ ಕುತ್ತು ಬರಲಿಲ್ಲ. ಸಂಕಟದಲ್ಲಿ ಆಡಿದ ಮಾತು, ನಾನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದರು ಮಾಲೀಕರು. ಇಷ್ಟಕ್ಕೆ ಅಷ್ಟು ಹೆದರಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ತಂಗಿಯ ಮೇಲೂ ದಯೆ ತೋರಿದರು: ಒಂದೇ ಕೈಯಲ್ಲಿ ಆಗುವಂಥ, ಟವೆಲಿಗೆ ಚೀಟಿ ಅಂಟಿಸುವ ಕೆಲಸ ಕೊಡುತ್ತಾರಂತೆ, ಅರ್ಧ ಸಂಬಳಕ್ಕೆ. ಬದಲಿಗೆ ತಪ್ಪು ತನ್ನದು ಎಂದು ಅವಳು ಒಂದು ಕ್ಷಮಾಪಣೆ ಪತ್ರ ಕೊಡಬೇಕು.

ಶನಿವಾರ ಮಧ್ಯಾಹ್ನ ಅವಳೇ ಅವನ ಮನೆಗೆ ಬಂದಳು. ಅತ್ತಿಗೆ ಕೊಟ್ಟ ಕಾಫಿ ಕುಡಿದಳು. ಆಮೇಲೆ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಅಣ್ಣನ ಮುಂದಿಟ್ಟಳು. ಅವಳಿಗೆ ಓದು ಬರಹ ಬರುತ್ತಿತ್ತು, ಬರೆಯುವ ಕೈ ಇರಲಿಲ್ಲ.

"ಇದು ಬೇಡ ಕಣಮ್ಮ. ಮೇಲಿನವರಿಗೆ ಅರ್ಜಿ ಹಾಕೋಣ. ನಾನೇ ಬರೀತೀನಿ, ಎಲ್ಲಾ ಬರೀತೀನಿ" ಎಂದ.

"ಸೋಮವಾರದೊಳಗೆ ಕೊಡಬೇಕಂತೆ. ಮಗಳ ಸ್ಕೂಲ್ ಫೀಸೂ ಕಟ್ಟಬೇಕು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಪ್ರಪಂಚದ ವಿಷಯ ಏನೂ ಬೇಡ ಅಣ್ಣ. ನನ್ನದೇ ತಪ್ಪು ಅಂತ ನೇರವಾಗಿ ಬರಿ."

ಅವನು ಬರೆದ. ಐದೇ ಸಾಲು. ಅವಳು ಹೇಳಿದಂತೆಯೇ ಬರೆದ. ಕೆಳಗೆ ಅವಳ ಹೆಸರು ಬರೆದು, ಎಡಗೈ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಬೆರಳು ಬಿಡಿಸಿಕೊಂಡು ಅವಳು ಹಾಳೆ ಒಣಗುವವರೆಗೆ ಕಾದು ಕೂತಿದ್ದಳು.

ಸೋಮವಾರ ಮಾಲೀಕರು ಅದನ್ನು ಕೊನೆಯವರೆಗೂ ಓದಿದರಂತೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ನಿಮ್ಮಣ್ಣನದೇ ಇರಬೇಕು ಎಂದರಂತೆ. ಹೌದು, ಅಣ್ಣನೇ ಬರೆದದ್ದು ಎಂದಳಂತೆ ಅವಳು.