ಸಮಸಂಖ್ಯೆಯ ಬಿಲ್ಲೆ

ಬಣ್ಣದ ಕಾರ್ಖಾನೆಯ ಊಟದ ಕೋಣೆಯಲ್ಲಿ ಅಕ್ಕ ತಮ್ಮ ಎದುರುಬದುರು ಕೂತರೆಂದರೆ ಡಬ್ಬಿಗಿಂತ ಮೊದಲು ಲೆಕ್ಕದ ಒಗಟು ಬಿಚ್ಚಿಕೊಳ್ಳುತ್ತಿತ್ತು. ಅಕ್ಕನದು ಟ್ಯಾಂಕುಗಳಿಗೆ ನಂಬರಿನ ಬಿಲ್ಲೆ ಕಟ್ಟುವ ಕೆಲಸ. ತಮ್ಮನದು ಅದೇ ಟ್ಯಾಂಕುಗಳೊಳಗೆ ಇಳಿದು ತಳಕ್ಕೆ ಅಂಟಿದ ಗಷ್ಟು ಕೆರೆಯುವ ಕೆಲಸ. ತಾಯಿ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವನ ತಪ್ಪು ತಿದ್ದುವ ಹಕ್ಕು ಇನ್ನೂ ತನ್ನದೇ ಎಂದುಕೊಂಡಿದ್ದಳು.

ಅವತ್ತು ಅವಳು ಕೇಳಿದ ಒಗಟು ಸುಲಭದ್ದು. ಒಂದು ಸಂಖ್ಯೆ ಆರರಿಂದ ಭಾಗವಾದರೆ ಅದು ಸಮಸಂಖ್ಯೆ. ನನ್ನ ಮನಸ್ಸಿನಲ್ಲಿರುವುದು ಸಮಸಂಖ್ಯೆ. ಹಾಗಾದರೆ ಅದು ಆರರಿಂದ ಭಾಗವಾಗಲೇಬೇಕೇ? ತಮ್ಮ ತುತ್ತು ನುಂಗುವ ಮೊದಲೇ ಹೌದು ಎಂದ. ಎಂಟು ಆರರಿಂದ ಭಾಗವಾಗುತ್ತದಾ ಎಂದು ಅಕ್ಕ ಕೇಳಿದಾಗಲೂ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಂತೆ, ಎಂಟನ್ನು ಬಿಟ್ಟು ನೋಡು ಎಂದು ವಾದಿಸಿದ.

“ಹೀಗಿದ್ರೆ ಹಾಗೆ ಅಂದ್ರೆ, ಹಾಗಿದ್ರೆ ಹೀಗೆ ಅಂತಲ್ಲ ಕಣೋ,” ಎಂದಳು ಅಕ್ಕ.

ಅವನು ನಗುತ್ತ ಕೈ ತೊಳೆದು, ಉಳಿದವರ ಊಟ ಮುಗಿಯುವ ಮೊದಲೇ ಕೆಲಸಕ್ಕೆ ಹೊರಟ. ಅಕ್ಕ ಗೆದ್ದ ಖುಷಿಯಲ್ಲಿ ಡಬ್ಬಿ ಮುಚ್ಚತೊಡಗಿದಳು. ಮುಚ್ಚಳ ಅರ್ಧಕ್ಕೇ ನಿಂತಿತು. ಬೆಳಿಗ್ಗೆ ತಾನು ಮಾಡಿದ್ದು ನೆನಪಾಯಿತು.

ಕಾರ್ಖಾನೆಯ ನಿಯಮ ಇಷ್ಟೇ: ಟ್ಯಾಂಕನ್ನು ತೊಳೆದು ಗಾಳಿ ಹಾಯಿಸಿದ್ದರೆ ಅದಕ್ಕೆ ಸಮಸಂಖ್ಯೆಯ ಬಿಲ್ಲೆ. ತೊಳೆಯದ್ದಕ್ಕೆ ಯಾವುದೆಂದು ನಿಯಮದಲ್ಲಿರಲಿಲ್ಲ. ಬೆಸಸಂಖ್ಯೆ ಕಟ್ಟುವುದು ಬರೀ ರೂಢಿ. ಬೆಳಿಗ್ಗೆ ಬೆಸ ಬಿಲ್ಲೆಗಳು ಮುಗಿದಿದ್ದವು. ಮೂಲೆಯ ತೊಳೆಯದ ಟ್ಯಾಂಕಿಗೆ ಅವಳು ಕೈಗೆ ಸಿಕ್ಕಿದ ಮೂವತ್ತೆಂಟನ್ನೇ ಕಟ್ಟಿದ್ದಳು. ಇದು ಸರಿಯೇ ಎಂದು ಮೇಸ್ತ್ರಿ ಕೇಳಿದಾಗ, ತೊಳೆದದ್ದಕ್ಕೆಲ್ಲ ಸಮಸಂಖ್ಯೆ ಇದೆ ತಾನೇ, ನಿಯಮ ಎಲ್ಲಿ ಮುರಿಯಿತು ಎಂದು ಅವನ ಬಾಯಿ ಮುಚ್ಚಿಸಿದ್ದಳು. ತರ್ಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸುಡಲಿ ಅಂಥ ತರ್ಕ! ಆ ಟ್ಯಾಂಕಿನೊಳಗಿನ ಆವಿ ಕುಡಿದವನಿಗೆ ಕೂಗಲೂ ಉಸಿರು ಉಳಿಯುವುದಿಲ್ಲ.

ಅವಳು ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಫ್ಯಾನುಗಳ ಗದ್ದಲದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಅವನು ಬೇರೆ ಟ್ಯಾಂಕಿಗೆ ಹೋಗಿರಲಿ, ಬೀಡಿ ಸೇದುತ್ತ ಎಲ್ಲಾದರೂ ಕೂತಿರಲಿ ಎಂದು ಕಂಡಕಂಡ ದೇವರಿಗೆಲ್ಲ ಮೊರೆಯಿಟ್ಟಳು. ಮೂಲೆಯ ಟ್ಯಾಂಕಿಗೆ ಏಣಿ ಒರಗಿತ್ತು. ಏಣಿಗೆ ಕಟ್ಟಿದ ಸೊಂಟದ ಹಗ್ಗ ಟ್ಯಾಂಕಿನ ಬಾಯೊಳಗೆ ಇಳಿದಿತ್ತು. ಇಳಿಯುವ ಮೊದಲು ವಿಷಗಾಳಿ ಅಳೆಯುವ ಮೀಟರ್ ಕೆಳಗೆ ಪೆಟ್ಟಿಗೆಯಲ್ಲೇ ಇತ್ತು.

ಹತ್ತಿ ಬಗ್ಗಿ ಕರೆದಳು. ಉತ್ತರವಿಲ್ಲ. ಮೂಗಿಗೆ ರಾಚಿದ ಘಾಟಿಗೆ ತಲೆ ತಿರುಗಿತು. ಹಗ್ಗ ಎಳೆದರೆ ಭಾರ, ಬರೀ ಭಾರ. ಆ ಭಾರಕ್ಕೆ ಜೀವವಿದೆಯೋ ಇಲ್ಲವೋ ಹಗ್ಗ ಹೇಳಲಿಲ್ಲ. ಹಿಂದೆಯೇ ಬಂದ ಮೇಸ್ತ್ರಿ ಕೈ ಹಾಕಿದ. ಇಬ್ಬರೂ ಎಳೆದೆಳೆದು ಅವನನ್ನು ಹೊರತೆಗೆದು, ಕೆಳಗಿಳಿಸಿ, ಬಾಗಿಲಾಚೆ ಗಾಳಿಯಲ್ಲಿ ಮಲಗಿಸಿದರು. ಅವನ ತುಟಿ ನೀಲಿಗಟ್ಟಿತ್ತು. ಮೇಸ್ತ್ರಿ ಎದೆ ಒತ್ತಿದ, ಮತ್ತೆ ಒತ್ತಿದ. ಕೊನೆಗೆ ಅವನು ಕೆಮ್ಮಿದ, ಉಂಡದ್ದನ್ನೆಲ್ಲ ಕಾರಿಕೊಂಡ, ಕಣ್ಣು ಬಿಟ್ಟ.

ಮೀಟರ್ ಇಳಿಸದೆ ಹೇಗೆ ಇಳಿದೆ, ಸಮಸಂಖ್ಯೆ ನೋಡಿ ಮೋಸಹೋದೆಯಾ ಎಂದು ಮೇಸ್ತ್ರಿ ಗದರಿದ.

ತಮ್ಮ ಕಷ್ಟಪಟ್ಟು ಅಲ್ಲವೆಂದು ತಲೆಯಾಡಿಸಿದ. “ಬೇರೆ ಯಾರು ಕಟ್ಟಿದ್ರೂ ಮೀಟರ್ ಇಳಿಸಿ ನೋಡ್ತಿದ್ದೆ,” ಎಂದ. “ಇದು ಅಕ್ಕ ಕಟ್ಟಿದ್ದು.”

ಮೇಸ್ತ್ರಿ ಅವಳತ್ತ ನೋಡಿದ. ನಿಯಮ ಮುರಿದಿಲ್ಲ ಎಂದು ಅವಳು ಈಗಲೂ ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಆಸ್ಪತ್ರೆಗೆ ಒಯ್ಯಲು ಗಾಡಿ ಬಂದಾಗ ಅವನ ಸೊಂಟದ ಹಗ್ಗ ಬಿಚ್ಚಬೇಕಾಯಿತು. ಏಣಿಯಿಂದ ಬಿಚ್ಚಿದ್ದ ಹಗ್ಗದ ಇನ್ನೊಂದು ತುದಿ ಅವಳ ಮುಷ್ಟಿಯಲ್ಲೇ ಇತ್ತು. ಬಿಡು ಎಂದರೂ ಅವಳ ಬೆರಳುಗಳು ಬಿಡಲಿಲ್ಲ.