ಮೂರು ತುಂಡು ಕಾದಂಬರಿ

ಪುಸ್ತಕ ಒಂದೇ, ಓದುವವರು ಮೂವರು. ರಜೆ ಶುರುವಾಗುವ ದಿನ ನಮ್ಮ ವಿಜಯಪುರದ ಶಾಲೆಯ ಇಂಗ್ಲಿಷ್ ಸರ್ ಸಂಗನಬಸವ ಅವರು ಬ್ಲೇಡು ತೆಗೆದುಕೊಂಡು ಆ ದಪ್ಪ ಕಾದಂಬರಿಯನ್ನು ಮೂರು ತುಂಡು ಮಾಡಿದರು. ಮೊದಲನೆಯದು ವಿಜಯಪುರದ ಜಲನಗರದಲ್ಲಿರುವ ನಂದಾಗೆ, ನಡುವಿನದು ತಿಕೋಟಾದ ಚೇತನಕುಮಾರನಿಗೆ, ಕೊನೆಯದು ಬಬಲೇಶ್ವರದವಳಾದ ನನಗೆ. ಓದಿದ ಮೇಲೆ ಬಸ್ ಕಂಡಕ್ಟರ್ ಕೈಗೆ ಕೊಟ್ಟು ಅದಲುಬದಲು ಮಾಡಿಕೊಳ್ಳಬೇಕು.

"ಸೂಟಿ ಮುಗಿಯೂದ್ರಾಗ ಮೂರೂ ಓದ್ರಿ. ಕಥಿ ಪೂರಾ ಹೇಳಿದವ್ರಿಗೆ ಇಂಗ್ಲಿಷ್ ಸ್ಪೆಷಲ್ ಬ್ಯಾಚಿನ್ಯಾಗ ಜಾಗಾ," ಎಂದರು ಸರ್.

ನಮ್ಮ ಅಬ್ಬಾ ಊರಲ್ಲಿ ಟೇಲರ್. ಅವನದು ಒಂದೇ ಮಾತು: "ಆ ಬ್ಯಾಚ್ ಸಿಕ್ರ ಮುಂದೂ ವಿಜಯಪುರದ ಸಾಲಿಗೇ ಕಳಸ್ತೇನಿ ಮಿನಾಜ. ಇಲ್ಲಂದ್ರ ಇಲ್ಲೇ ಊರ ಸಾಲಿ."

ಹಟ ಹಿಡಿದು ಓದಿದೆ. ಹಡಗು ಹತ್ತಿ ಹೋದವಳ ಕಥೆ. ಅವಳು ಕೊನೆಗೆ ಅತ್ತದ್ದು ಮೊದಲು ತಿಳಿಯಿತು. ಆಮೇಲೆ ತಿಕೋಟಾದಿಂದ ನಡುವಿನ ತುಂಡು ಬಂತು. ಮೊದಲನೆಯದು ಬರಲೇ ಇಲ್ಲ. ಫೋನ್ ಮಾಡಿದಾಗೆಲ್ಲ ನಂದಾ, "ನಾಳಿ ಕಳಸ್ತೇನಿ ಬೇ," ಎನ್ನುತ್ತಿದ್ದಳು. ಅವಳ ನಾಳೆಗಿಷ್ಟು ಬೆಂಕಿ ಹಾಕ! ಫೋನಿನಲ್ಲಿ ಆ ಕಾದಂಬರಿಯ ಕಥೆ ಹೇಳುವ ವಿಡಿಯೋ ಸಿಗುತ್ತದೆಂದು ನನಗೂ ಗೊತ್ತಿತ್ತು. ಆದರೆ ಸರ್ ಓದಿರಿ ಎಂದಿದ್ದರು, ನಾನು ನಂಬಿದ್ದೆ.

ಶಾಲೆ ಶುರುವಾದ ದಿನ ಸರ್ ನನ್ನನ್ನೇ ಮೊದಲು ಎಬ್ಬಿಸಿದರು. "ಆಕಿ ಮನಿ ಬಿಟ್ಟು ಯಾಕ ಹೊಂಟಳು? ಅಲ್ಲಿಂದ ಹೇಳು."

"ಮೊದಲ್ನೇ ತುಂಡು ನಂದಾ ಕಳಿಸಲೇ ಇಲ್ರಿ ಸರ. ಮುಂದಿಂದೆಲ್ಲಾ ಹೇಳ್ತೇನ್ರಿ."

"ಬಸ್ಸಿಗೆ ಕೊಟ್ಟಿದ್ದೆನಲ್ರಿ ಸರ," ಎಂದಳು ನಂದಾ, ಕಣ್ಣು ಕೂಡ ಮಿಟುಕಿಸದೆ.

ಚೇತನಕುಮಾರನ ಕಡೆ ನೋಡಿದೆ. ಅವನಿಗೂ ಅದು ತಲುಪಿರಲಿಲ್ಲ. ಕಿಟಕಿ ಕಡೆ ಮುಖ ತಿರುಗಿಸಿಕೊಂಡ, ಹೇಡಿ! ಇಬ್ಬರೂ ವಿಡಿಯೋದಲ್ಲಿ ಕೇಳಿದ್ದನ್ನು ಗಿಳಿಪಾಠ ಒಪ್ಪಿಸಿ ಬ್ಯಾಚ್ ಸೇರಿದರು.

ಮರುದಿನ ನಂದಾ ಮೊದಲ ತುಂಡು ತಂದು ಸರ್ ಮೇಜಿನ ಮೇಲಿಟ್ಟಳು. "ಮನ್ಯಾಗ ಇತ್ರಿ ಸರ, ಮರ್ತಿದ್ದೆ."

"ಹಂಗಾದ್ರ ನನ್ನ ಬ್ಯಾಚ್‌ರೀ ಸರ?" ಎಂದೆ.

"ಹೆಡ್‌ಮಾಸ್ತರಿಗೆ ಹೆಸರು ಕಳಿಸಿಬಿಟ್ಟೇನವಾ," ಎಂದ ಸರ್ ಮೂರೂ ತುಂಡುಗಳನ್ನು ನನ್ನ ಕೈಗೇ ಕೊಟ್ಟರು. "ನಿಮ್ಮಪ್ಪ ಟೇಲರ್ ಅಲ್ಲ? ಒಂದೀಟು ಕೂಡಿಸಿ ಹೊಲಿಸ್ಕೊಂಡು ಬಾ."

ಮೂರನ್ನೂ ಚೀಲಕ್ಕೆ ತುರುಕಿದೆ. ಮನೆಗೆ ತಂದು ಅಬ್ಬಾನ ಮುಂದಿಟ್ಟೆ.

ಅಬ್ಬಾ ದಪ್ಪ ಸೂಜಿಯಿಂದ ಹೊಲಿದು, ಹಲ್ಲಿನಿಂದ ದಾರ ಕಡಿದ. "ಈಗ ಪೂರಾ ಆತು ನೋಡ ಬೇಟಾ. ಕುಂತು ಓದು."

ಅವನ ಮಷೀನಿನ ಮೇಲೆ ಊರ ಶಾಲೆಯ ಸಮವಸ್ತ್ರದ ಬಟ್ಟೆ ಆಗಲೇ ನನ್ನ ಅಳತೆಗೆ ಕತ್ತರಿಸಿಟ್ಟಿತ್ತು.