ಮುಟ್ಟಾದರೆ ಮಾತ್ರ ಬಾ

ಬೆಳಿಗ್ಗೆ ಎರ್ಲಿಂದಾ ಜೋಳದ ಹಿಟ್ಟು ತಟ್ಟಲು ಕೂತರೆ ನಾಲ್ಕು ಮಕ್ಕಳೂ ಒಲೆಯ ಸುತ್ತ ಸೇರುತ್ತಿದ್ದವು. ಹೆಂಚಿನ ಮೇಲಿನ ತೊರ್ತಿಯಾ ರೊಟ್ಟಿ ಮಗುಚುವಷ್ಟರಲ್ಲಿ ಹಿಂದಿನದು ಖಾಲಿ. ಮೂಲೆಯಲ್ಲಿ ಕಾಫಿ ಹೀರುತ್ತಾ ಅವಳ ಅತ್ತೆ ದೋನ್ಯಾ ತೊಮಾಸಾ, ಇನ್ನೊಂದು ಹೆಣ್ಣಾದರೆ ಮನೆ ತುಂಬುತ್ತದೆ ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ನಾನು ಈ ಗುಡ್ಡದ ಸೂಲಗಿತ್ತಿ. ಆ ನಾಲ್ಕೂ ಹೆರಿಗೆ ಮಾಡಿಸಿದ್ದು ನಾನೇ. ನಾಲ್ಕನೆಯದರಲ್ಲಿ ರಕ್ತ ನಿಲ್ಲದೆ ಅವಳನ್ನು ಜೋಲಿಯಲ್ಲಿ ಹೊತ್ತು ಪಟ್ಟಣಕ್ಕೆ ಓಡಿದ್ದೆವು. ಇನ್ನೊಂದು ಹೆರಿಗೆಯಾದರೆ ಇವಳು ಉಳಿಯುವುದು ಕಷ್ಟ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು.

ಮತ್ತೆ ಬಸಿರಾಗದಂತೆ ವಂಕಿ ಹಾಕಿಸಿಕೊಳ್ಳುತ್ತೇನೆ ಎಂದು ಎರ್ಲಿಂದಾಳೇ ನನ್ನ ಬಳಿ ಬಂದಳು. ಗೊತ್ತಿದ್ದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆ. ತಾಮ್ರ ಸುತ್ತಿದ ಪುಟ್ಟ ವಸ್ತು ಅದು. ಮಲಗಿಸಿ, ಮಂಡಿ ಮಡಚಿಸಿ, ತಣ್ಣಗಿನ ಸಲಕರಣೆ ಇಟ್ಟು ಗರ್ಭದೊಳಗೆ ಸೇರಿಸುತ್ತಾರೆ. ಚಿವುಟಿದಂತಾಗುತ್ತದೆ, ಕಿಬ್ಬೊಟ್ಟೆ ಹಿಂಡುತ್ತದೆ. ನಾಲ್ಕಾರು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು. ಆಮೇಲೆ ಹತ್ತು ವರ್ಷ ಚಿಂತೆಯಿಲ್ಲ. ಬೇಡವೆನಿಸಿದ ದಿನ ತೆಗೆಸಿದರಾಯಿತು.

"ಅದು ಎದೆಗೆ ಏರತ್ತಂತಲ್ಲಕ್ಕಾ?"

"ಏರೋಕೆ ಅದಕ್ಕೇನು ಕಾಲಿದ್ಯಾ?" ಎಂದೆ. ನಕ್ಕಳು.

ಗಂಡ ಕಾಂದಿದೋ ಕಾಫಿ ಕುಯ್ಲಿಗೆ ದೂರದ ತೋಟಕ್ಕೆ ಹೋಗಿ ಎರಡು ತಿಂಗಳಾಗಿತ್ತು, ಶನಿವಾರ ಬರುವವನಿದ್ದ. ಅಷ್ಟರೊಳಗೆ ಕೆಲಸ ಮುಗಿಸೋಣವೆಂದು ಗುಡ್ಡ ಇಳಿದು, ನದಿ ದಾಟಿ ಆರೋಗ್ಯ ಕೇಂದ್ರಕ್ಕೆ ಹೋದೆವು. ಎರಡು ಗಂಟೆಯ ನಡಿಗೆ. ನರ್ಸಮ್ಮ ತಲೆ ಎತ್ತದೆ ಕೇಳಿದ್ದು ಒಂದೇ, ಮುಟ್ಟಾಗಿದ್ದೀಯಾ ಎಂದು. ಎರ್ಲಿಂದಾ ಇಲ್ಲ ಎಂದಳು.

"ಮತ್ಯಾಕೆ ಬಂದೆ? ಮುಟ್ಟಾದ ಎರಡನೇ ದಿನ ಬಾ. ಬಟ್ಟೆ ತೋರಿಸ್ಬೇಕು."

ಬಸುರಿಯಲ್ಲ ಎಂದು ಗೊತ್ತಾಗಲು ಇದಂತೆ. ಗಂಡ ಊರಲ್ಲೇ ಇಲ್ಲ, ಕಳೆದ ವಾರವಷ್ಟೇ ಮುಟ್ಟು ಮುಗಿದಿದೆ, ನಾಲ್ಕು ಮಾತು ಕೇಳಿದರೆ ತಿಳಿಯುವುದಕ್ಕೆ ಬಟ್ಟೆ ಯಾಕೆ ಎಂದು ವಾದಿಸಿದೆ. ಎಲ್ಲರೂ ಹಾಗೇ ಹೇಳುತ್ತಾರೆ, ಮೂತ್ರ ಪರೀಕ್ಷೆ ಮುಟ್ಟು ನಿಂತವರಿಗೆ ಮಾತ್ರ, ನಾನು ಬಂದಾಗಿನಿಂದ ಇಲ್ಲಿ ಹೀಗೇ ಎಂದಳು. ಸರಿ, ಅಲ್ಲಿಯವರೆಗೆ ಬೇರೇನಾದರೂ ಕೊಡಿ ಎಂದರೆ ಬಸಿರು ತಡೆಯುವ ಚುಚ್ಚುಮದ್ದು ಬಂದಿಲ್ಲವಂತೆ.

ಮುಂದಿನ ತಿಂಗಳು ಮುಟ್ಟಾಯಿತು. ಈಗ ಅಡ್ಡ ನಿಂತವಳು ತೊಮಾಸಾ. ನಮ್ಮ ಗುಡ್ಡಗಳಲ್ಲಿ ಮುಟ್ಟಾದವಳು ಬೆಣ್ಣೆಹಣ್ಣು ತಿನ್ನುವುದಿಲ್ಲ, ತಣ್ಣೀರಿಗೆ ಕಾಲಿಡುವುದಿಲ್ಲ. ನದಿಯಲ್ಲಿ ಮಂಡಿಯವರೆಗೆ ನೀರು.

"ನಮ್ಮತ್ತೆ ನನ್ನ ದಾಟೋಕೆ ಬಿಟ್ಟಿಲ್ಲ, ನಾನೂ ಇವಳನ್ನ ಬಿಡಲ್ಲ. ಗರ್ಭ ತಣ್ಣಗಾಗಿ ಬಂಜೆಯಾಗಿ ಕೂತ್ರೆ ನೀನು ನೋಡ್ಕೊಳ್ತೀಯಾ?"

"ಮುಟ್ಟಿಲ್ದಾಗ ಅಲ್ಲಿ ಒಳಗೆ ಬಿಡಲ್ಲ, ಮುಟ್ಟಾದಾಗ ನೀನು ಹೊರಗೆ ಬಿಡಲ್ಲ. ಇವಳು ಹೋಗೋದು ಯಾವಾಗ? ಸತ್ತ ಮೇಲಾ?"

ತೊಮಾಸಾ ಎದೆಯ ಮೇಲೆ ಶಿಲುಬೆ ಹಾಕಿಕೊಂಡು, ನಾಲಿಗೆ ಬಿಗಿಹಿಡಿ ಎಂದಳು. ಕಾಂದಿದೋ ಟೋಪಿ ತಿರುವುತ್ತಾ, ಅಮ್ಮ ಹೇಳಿದ ಹಾಗೆ ಎಂದ. ತಾಯಿಯನ್ನು ಕೇಳದೆ ಕೆಮ್ಮದ ಗಂಡಸು ಅವನು. ಮಕ್ಕಳು ಹುಟ್ಟಿಸುವುದಕ್ಕೆ ಮಾತ್ರ ಯಾರನ್ನೂ ಕೇಳಿರಲಿಲ್ಲ.

ಮೂರನೆಯ ತಿಂಗಳು ತೊಮಾಸಾ ಸಂತೆಗೆ ಹೋಗುವುದನ್ನೇ ಕಾದು ಹೊರಟೆವು. ಅಷ್ಟರಲ್ಲಿ ಐದನೇ ದಿನ. ಬಟ್ಟೆಯಲ್ಲಿ ಬರೀ ಕಲೆ ಇತ್ತು. ನರ್ಸಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ಸಾಲದು, ಮುಂದಿನ ತಿಂಗಳು ಬಾ ಎಂದಳು. ಅಂಗಡಿಯಲ್ಲಿ ಲಂಗದ ಬಣ್ಣ ಪರೀಕ್ಷಿಸುವವರೂ ಅಷ್ಟು ನೋಡುವುದಿಲ್ಲ. ವಾಪಸು ಬರುವಾಗ ಎರ್ಲಿಂದಾ ನದಿಯ ನಡುವೆ ನಿಂತು ಆ ಬಟ್ಟೆಯನ್ನು ನಿಧಾನವಾಗಿ ತೊಳೆದಳು.

"ಗರ್ಭ ತಣ್ಣಗಾಗ್ಲಿ ಬಿಡಕ್ಕ. ಅದಾದ್ರೂ ಆಗ್ಲಿ."

ನಾಲ್ಕನೆಯ ತಿಂಗಳು ಮುಟ್ಟು ಬರಲಿಲ್ಲ. ನರ್ಸಮ್ಮ ಮೂತ್ರ ಪರೀಕ್ಷೆ ಮಾಡಿ, "ನೋಡಿ, ಇದಕ್ಕೇ ನಾವು ಬಟ್ಟೆ ಕೇಳೋದು" ಎಂದಳು. ಮೊದಲ ದಿನವೇ ಹಾಕಿದ್ದರೆ ಈ ಬಸಿರೇ ಇರುತ್ತಿರಲಿಲ್ಲ ಎಂಬುದು ಆ ತಲೆಗೆ ಹೊಳೆಯಲೇ ಇಲ್ಲ. ಕೂಗಾಡಿದೆ. ಎರ್ಲಿಂದಾ ನನ್ನ ತೋಳು ಹಿಡಿದು ಹೊರಗೆ ಕರೆತಂದಳು.

ಎಂಟನೇ ತಿಂಗಳಲ್ಲೇ ಪಟ್ಟಣಕ್ಕೆ ಕರೆದೊಯ್ಯುವುದೆಂದು ಎಲ್ಲ ಸಿದ್ಧ ಮಾಡಿದ್ದೆ. ಹೊರಡುವ ನಾಲ್ಕು ದಿನ ಮೊದಲೇ ನೋವು ಬಂತು. ಮಗು ನನ್ನ ಕೈಗೆ ಬಂತು, ರಕ್ತ ನಿಲ್ಲಲಿಲ್ಲ. ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದೆ, ಏನೂ ಪ್ರಯೋಜನವಾಗಲಿಲ್ಲ. ಜೋಲಿ ನದಿ ದಂಡೆ ಮುಟ್ಟುವಷ್ಟರಲ್ಲಿ ಎರ್ಲಿಂದಾ ಹೋಗಿಬಿಟ್ಟಿದ್ದಳು. ಇಪ್ಪತ್ತೇಳು ವರ್ಷ. ಉಳಿದದ್ದು ಹೆಣ್ಣುಮಗು, ತೊಮಾಸಾ ಬಯಸಿದ ಹಾಗೆಯೇ. ವಿಧಿ ಎಂದರು ಊರವರು. ಯಾವ ವಿಧಿ? ಅವಳನ್ನು ಕೊಂದದ್ದು ಎರಡು ಕಟ್ಟಳೆ. ಒಂದು ಮನೆಯದು, ಒಂದು ಸರ್ಕಾರಿ ಕಟ್ಟಡದ್ದು.

ಮೂರು ತಿಂಗಳ ನಂತರ ತೊಮಾಸಾ ತನ್ನ ಮಗಳು ಮಿರ್ತಾಳನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬಂದಳು. ಮಿರ್ತಾಗೆ ಆಗಲೇ ಮೂರು ಮಕ್ಕಳು. ಮುಟ್ಟಾಗಿದ್ದಾಳಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂವರೂ ನದಿ ದಾಟಿದೆವು.

ನರ್ಸಮ್ಮ ಎಂದಿನಂತೆ ಬಟ್ಟೆ ತೋರಿಸು ಎಂದಳು. ತೊಮಾಸಾ ಮಗಳ ಮುಂದೆ ಬಂದು ನಿಂತಳು.

"ಬಟ್ಟೆ ಇಲ್ಲ ತಾಯಿ. ನನ್ನ ಸೊಸೆ ಗೋರಿ ಇದೆ, ಬನ್ನಿ ತೋರಿಸ್ತೀನಿ. ಅದರಲ್ಲಿ ಅರ್ಧ ಮಣ್ಣು ನಾನು ಹಾಕಿದ್ದು, ಇನ್ನರ್ಧ ನೀವು. ನನ್ನ ಮಗಳು ಬಸುರಿ ಹೌದೋ ಅಲ್ವೋ, ಅವಳನ್ನೇ ಬಾಯಿಬಿಟ್ಟು ಕೇಳಿ."

ನರ್ಸಮ್ಮ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಆಮೇಲೆ ಕೊನೆಯ ಮುಟ್ಟು ಯಾವಾಗ, ಗಂಡ ಎಲ್ಲಿ ಎಂದು ಮಿರ್ತಾಳನ್ನು ಕೇಳುತ್ತಾ ಒಳಗೆ ಕರೆದೊಯ್ದಳು.

ಸ್ವಲ್ಪ ಹೊತ್ತಿಗೆ ಮಿರ್ತಾ ಕಿಬ್ಬೊಟ್ಟೆ ಹಿಡಿದುಕೊಂಡು ಹೊರಗೆ ಬಂದಳು. ಚೂರು ನೋವಿದೆ, ನಡೆಯಬಲ್ಲೆ ಎಂದಳು. ತೊಮಾಸಾ ಗೋಡೆಯ ಗಡಿಯಾರ ನೋಡಿದಳು. ಕಾಲು ಗಂಟೆಯೂ ಆಗಿರಲಿಲ್ಲ.

"ಇಷ್ಟೇನಾ?" ಎಂದು ನನ್ನನ್ನು ಕೇಳಿದಳು.

"ಇಷ್ಟೇ."

ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ನಾನು ಎಬ್ಬಿಸಲು ಹೋಗಲಿಲ್ಲ.